ಯಾರ ಕೈ ಮೊಳ?

ಚೊಕ್ಕಸಂದ್ರ, ಪೀಣ್ಯ
14-6-1987

ಚಿ|| ಮುನಿರತ್ನಳಿಗೆ ದೊಡ್ಡಮ್ಮ ಅಂಜಿನಮ್ಮ ಮಾಡುವ ಆಶೀರ್ವಾದ.

ಹೇಗಿದ್ದೀಯ ತಾಯಿ? ಮದರಾಸಿನ ಸೆಕೆಗೆ ಕತ್ತಿನ ಸುತ್ತ ಎದ್ದಿದ್ದ ಬೆವರುಸಾಲೆ ಇಳಿಯಿತೇ? ನಿನ್ನ ರೂಮಿನ ಮರಿಯಮ್ಮನ ಕೆಮ್ಮು ಈಗ ಹೇಗಿದೆ? ಬರೀ ಮಾತ್ರೆ ನುಂಗಿದರೆ ಆಗಲ್ಲ, ಮೆಣಸು ಜಜ್ಜಿ ಬೆಲ್ಲದ ಜೊತೆ ಕುದಿಸಿ ಕುಡಿ ಅಂತ ನಾನು ಹೇಳಿದೆ ಅನ್ನು. ಇಲ್ಲಿ ನಿನ್ನ ದೊಡ್ಡಪ್ಪನ ಮಂಡಿನೋವು ಮಳೆ ಶುರುವಾದ ಮೇಲೆ ಜಾಸ್ತಿ. ಜಾಲಹಳ್ಳಿಯಲ್ಲಿ ನಿಮ್ಮಮ್ಮ ರಾಮಮ್ಮ ಗಟ್ಟಿಯಾಗಿದ್ದಾಳೆ, ಹೋದ ವಾರ ಬಂದು ನನ್ನ ಜೊತೆ ಜಗಳ ಆಡಿಕೊಂಡು ಹೋದಳು, ಅಂದರೆ ಆರೋಗ್ಯ ಚೆನ್ನಾಗಿದೆ ಅಂತ. ನಿಮ್ಮಣ್ಣ ನರಸಪ್ಪ ಲಾರಿ ಹತ್ತಿದರೆ ವಾರಗಟ್ಟಲೆ ಮನೆ ಸೇರಲ್ಲ, ಅವನೂ ಚೆನ್ನಾಗಿದ್ದಾನೆ.

ಎಲ್ಲರೂ ಚೆನ್ನಾಗಿದ್ದಾರೆ ಅಂತ ಬರೆದು ಮುಗಿಸೋಕೆ ಮಾತ್ರ ಆಗ್ತಿಲ್ಲ. ನಿನ್ನ ಅತ್ತಿಗೆ ಬೈರಮ್ಮ ಚೆನ್ನಾಗಿಲ್ಲ. ಅವಳನ್ನ ಕೆಲಸದಿಂದ ಸಸ್ಪೆಂಡ್ ಮಾಡಿದ್ದಾರೆ. ಸುಳ್ಳು ಲೆಕ್ಕ ಕೊಟ್ಟಳಂತೆ!

ನಿನಗೆ ಗೊತ್ತಿರೋದೇ ಆದರೂ ಮೊದಲಿಂದ ಹೇಳ್ತೀನಿ, ಹೇಳಿದರೇ ನನ್ನ ಹೊಟ್ಟೆ ತಣ್ಣಗಾಗೋದು. ಫೋನಿನ ಕಿವಿ ಎತ್ತಿದಾಗ ಮೇಲೇಳುತ್ತಲ್ಲ, ಆ ಸ್ವಿಚ್ಚು ಮಾಡೋ ಕಾರ್ಖಾನೆ ಅದು. ಮಾಡಿದ ಪ್ರತಿ ರಾಶಿಯಿಂದ ಒಂದು ಸ್ವಿಚ್ಚು ತೆಗೆದು ಒತ್ತೋ ಯಂತ್ರಕ್ಕೆ ಕೂರಿಸಬೇಕು. ಯಂತ್ರದ ಕಬ್ಬಿಣದ ಬೆರಳು ಅದನ್ನ ಟಕ್ ಟಕ್ ಅಂತ ಐವತ್ತು ಸಾವಿರ ಸಲ ಒತ್ತಬೇಕು. ಮುರಿಯದೆ ಉಳಿದರೆ ರಾಶಿ ಪಾಸು, ಮುರಿದರೆ ಇಡೀ ರಾಶಿ ಗುಜರಿಗೆ. ಸಂಜೆ ಸ್ವಿಚ್ಚು ಕೂರಿಸಿ ಯಂತ್ರ ಓಡಿಸಿ ಮನೆಗೆ ಬರೋದು, ಬೆಳಿಗ್ಗೆ ಹೋಗಿ ಎಷ್ಟಾಯಿತು ಅಂತ ಬರೆದು ಕೊಡೋದು ಬೈರಮ್ಮನ ಕೆಲಸ. ಹೆಂಗಸರಿಗೆ ರಾತ್ರಿಪಾಳಿ ಇಲ್ಲ, ರಾತ್ರಿಯೆಲ್ಲ ಯಂತ್ರ ಒಂದೇ. ಮೊದಲು ಅದಕ್ಕೆ ಚಕ್ರ ತಿರುಗೋ ಮೀಟರು ಇತ್ತು. ಐವತ್ತು ಸಾವಿರಕ್ಕೆ ಕೊಕ್ಕೆ ಬಿದ್ದು ತಾನೇ ನಿಲ್ಲೋದು. ಸಂಕ್ರಾಂತಿ ಆದ ಮೇಲೆ ಮೀಟರು ಕಿತ್ತು ಕಂಪ್ಯೂಟರು ಇಟ್ಟರು. ಅದಕ್ಕೆ ಎಣಿಸೋ ಪ್ರೋಗ್ರಾಮು ಬರೆದವಳು ನೀನು. "ನಮ್ಮ ಹುಡುಗಿ ಮದರಾಸಿನಲ್ಲಿ ಇದನ್ನೇ ಓದ್ತಾಳೆ ಸಾರ್, ಅವಳ ಕೈಲಿ ಬರೆಸಿ" ಅಂತ ಮ್ಯಾನೇಜರಿಗೆ ಹೇಳಿ ನಿನಗೆ ಆ ಪ್ರಾಜೆಕ್ಟು ಕೊಡಿಸಿದವಳು ಬೈರಮ್ಮ. ಅದನ್ನ ನೀನು ಮರೆತಿಲ್ಲ ಅಂದುಕೊಂಡಿದ್ದೀನಿ.

ಕಂಪ್ಯೂಟರು ಬಂದಿದ್ದೇ ಬಂದಿದ್ದು, ಬೆಳಿಗ್ಗೆ ಹೋಗಿ ನೋಡಿದರೆ ಕೂರಿಸಿದ ಸ್ವಿಚ್ಚೆಲ್ಲ ಮುರಿದು ಬಿದ್ದಿರುತ್ತೆ. ಲೆಕ್ಕ ನೋಡಿದರೆ ಎಂಟು ಸಾವಿರ, ಒಂಬತ್ತು ಸಾವಿರ. ರಾಶಿ ಮೇಲೆ ರಾಶಿ ಗುಜರಿಗೆ ಹೋಯಿತು. ಕೊನೆಗೆ ಮ್ಯಾನೇಜರು ಇವಳನ್ನ ಕರೆಸಿದ.

"ಕಂಪ್ಯೂಟರು ಸುಳ್ಳು ಹೇಳಲ್ಲ ಬೈರಮ್ಮ. ಒಂಬತ್ತು ಸಾವಿರಕ್ಕೆ ಮುರಿಯೋ ಸ್ವಿಚ್ಚಿಗೆ ಇಷ್ಟು ವರ್ಷ ಐವತ್ತು ಸಾವಿರ ಅಂತ ಬರೆದು ಪಾಸು ಮಾಡಿದೀಯಲ್ಲ, ಹೇಗೆ? ಮೀಟರಿನ ಚಕ್ರಾನ ಬೆರಳಲ್ಲೇ ತಿರುಗಿಸಿ ಕೂರಿಸ್ತಿದ್ದೆ, ಹೌದಾ?"

"ಇಲ್ಲ ಸಾರ್."

"ಹಾಗಾದ್ರೆ ಕಂಪ್ಯೂಟರು ಸುಳ್ಳು ಹೇಳ್ತಿದೆಯಾ?"

ಇವಳು ಏನಂತಾಳೆ? ಪ್ರೋಗ್ರಾಮು ಬರೆದವಳು ನೀನು. ಸುಳ್ಳು ಅಂದರೆ ನಿನ್ನ ಹೆಸರು ಕೆಡುತ್ತೆ ಅಂತ ಬಾಯಿ ಮುಚ್ಚಿಕೊಂಡು ನಿಂತಳಂತೆ. ಮಾರನೇ ದಿನ ನೋಟೀಸ್ ಬೋರ್ಡಿನಲ್ಲಿ ಅವಳ ಹೆಸರು ಅಂಟಿಸಿದರು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಊರವರೇ ಅರ್ಧ ಜನ ಅಲ್ಲಿ ಕೆಲಸಕ್ಕಿದ್ದಾರೆ. ನಮ್ಮ ಕನಕಾಂಬರದ ಹೊಲದ ಮೇಲೆ ಕಟ್ಟಿದ ಗೋಡೆ ಅದು, ಆ ಗೋಡೆ ಮೇಲೆ ನನ್ನ ಸೊಸೆ ಮೋಸಗಾತಿ ಅಂತ ಚೀಟಿ!

ನಮ್ಮನೆಗೆ ಹಾಲಿಗೆ ಬಂದ, ಕಾರ್ಖಾನೆಯ ನೈಟ್ ವಾಚ್‌ಮನ್ ಪಾಪಯ್ಯನೂ ಆ ಕಂಪ್ಯೂಟರನ್ನ ಬೈದ, ಆದರೆ ಅವನ ಸಂಕಟವೇ ಬೇರೆ. "ಅಂಜಿನಕ್ಕ, ಅದು ಬಂದಾಗ್ಲಿಂದ ನಂಗೆ ನಿದ್ದೇನೇ ಇಲ್ಲ ಕಣಕ್ಕ. ಮೊದ್ಲು ನಡುರಾತ್ರಿಗೆ ನಿಲ್ಲೋದು. ಈಗ ಕೋಳಿ ಕೂಗೋಗಂಟ ಟಕಟಕ ಟಕಟಕ. ಎಂಗಪ್ಪಾ ಮಲಗೋದು?" ಕಾವಲು ಕಾಯೋನಿಗೆ ನಿದ್ದೆ ಯಾಕೋ ಅಂದೆ. ಹಲ್ಲು ಕಿರಿದು ಹಾಲು ತಗೊಂಡು ಹೋದ.

ನೀನು ಓದಿದವಳು, ಇದು ಏನು ಅಂತ ಹೇಳು. ಬೈರಮ್ಮ ಊಟ ಬಿಟ್ಟಿಲ್ಲ, ಆದರೆ ಮಾತು ಬಿಟ್ಟಿದ್ದಾಳೆ. ತಡಮಾಡದೆ ಬರಿ.

ನಿನ್ನ ದೊಡ್ಡಮ್ಮ
ಅಂಜಿನಮ್ಮ

*

ಮದರಾಸು
26-6-1987

ದೊಡ್ಡಮ್ಮನಿಗೆ ಮುನಿರತ್ನಳ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಮರಿಯಮ್ಮ ನಿನ್ನ ಮೆಣಸಿನ ಕಷಾಯ ಕುಡಿದು ಕಣ್ಣಲ್ಲಿ ನೀರು ಹಾಕಿಕೊಂಡಳು, ಆದರೆ ಕೆಮ್ಮು ನಿಂತಿದೆ.

ಪಾಪಯ್ಯನ ನಿದ್ದೆಯ ಮಾತು ಓದಿದ ಮೇಲೆ ನನ್ನ ನಿದ್ದೆ ಹೋಯಿತು. ದೊಡ್ಡಮ್ಮ, ಆ ಯಂತ್ರ ಒಂದು ಸೆಕೆಂಡಿಗೆ ಎರಡು ಸಲ ಒತ್ತುತ್ತದೆ, ಸ್ವಿಚ್ಚು ಮುರಿದರೆ ತಾನೇ ನಿಲ್ಲುತ್ತದೆ. ಒಂಬತ್ತು ಸಾವಿರಕ್ಕೆ ಸ್ವಿಚ್ಚು ಮುರಿದಿದ್ದರೆ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೇ ಅದು ನಿಲ್ಲಬೇಕಿತ್ತು. ಕೋಳಿ ಕೂಗುವವರೆಗೂ ಹೇಗೆ ಓಡಿತು? ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಗೊತ್ತಾಯಿತು.

ನಿನಗೆ ಅರ್ಥವಾಗುವ ಹಾಗೆ ಬರೆಯುತ್ತೇನೆ. ನಾವು ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಯ ಹೆಸರು ಸಿ. ಲೆಕ್ಕ ಇಟ್ಟುಕೊಳ್ಳಲು ಅದರಲ್ಲಿ ಮೊದಲು ಜಾಗ ಕೇಳಬೇಕು. 'ಇಂಟ್' ಎಂದು ಬರೆದರೆ ಒಂದು ಸಂಖ್ಯೆಗೆ ಜಾಗ ಕೊಡು ಎಂದು. ಎಷ್ಟು ದೊಡ್ಡ ಜಾಗ ಎಂದು ಭಾಷೆ ಗೊತ್ತು ಮಾಡಿಲ್ಲ, ಆಯಾ ಯಂತ್ರಕ್ಕೆ ಬಿಟ್ಟಿದೆ. ನಮ್ಮ ಕಾಲೇಜಿನ ದೊಡ್ಡ ಕಂಪ್ಯೂಟರಿನಲ್ಲಿ ಇಂಟ್ ಎಂದರೆ ಇನ್ನೂರು ಕೋಟಿ ದಾಟಿ ಎಣಿಸಬಹುದು. ಕಾರ್ಖಾನೆಯವರು ಕೊಂಡಿರುವ ಸಣ್ಣ ಕಂಪ್ಯೂಟರಿನಲ್ಲಿ ಅದೇ ಇಂಟ್ ಮೂವತ್ತೆರಡು ಸಾವಿರದ ಏಳ್ನೂರ ಅರವತ್ತೇಳಕ್ಕೆ ತುಂಬಿಹೋಗುತ್ತದೆ. ಅದರ ಮೇಲೆ ಇನ್ನೊಂದು ಕೂಡಿಸಿದರೆ ಲೆಕ್ಕ ಸೊನ್ನೆಯಿಂದ ಅಷ್ಟೇ ಕೆಳಕ್ಕೆ, ಮೈನಸ್ಸಿಗೆ ಬೀಳುತ್ತದೆ. ಅಲ್ಲಿಂದ ಒಂದೊಂದಾಗಿ ಹತ್ತಿ ಸೊನ್ನೆಗೆ ಬಂದು, ಮತ್ತೆ ಒಂದು, ಎರಡು ಎಂದು ಹೊಸದಾಗಿ ಶುರು ಮಾಡುತ್ತದೆ. ಐವತ್ತು ಸಾವಿರ ಎನ್ನುವ ಸಂಖ್ಯೆ ಅದಕ್ಕೆ ಸಿಗುವುದೇ ಇಲ್ಲ, ಹಾಗಾಗಿ ನಿಲ್ಲುವುದೂ ಇಲ್ಲ. ಸ್ವಿಚ್ಚು ಸಾಯುವವರೆಗೂ ಒತ್ತುತ್ತದೆ. ಬೆಳಿಗ್ಗೆ ಅತ್ತಿಗೆ ನೋಡುವ ಒಂಬತ್ತು ಸಾವಿರ ಎರಡನೇ ಸುತ್ತಿನದು. ನಿಜವಾಗಿ ಆ ಸ್ವಿಚ್ಚುಗಳು ಎಪ್ಪತ್ತು ಸಾವಿರ ದಾಟಿ ಬಾಳಿವೆ. ಅತ್ತಿಗೆ ಬರೆದ ಹಳೆಯ ಲೆಕ್ಕವೆಲ್ಲ ನಿಜ.

ಹೂವಿನ ಮೊಳದ ಹಾಗೆ ಅಂದುಕೋ. ಮಾತು ಒಂದೇ ಮೊಳ, ಆದರೆ ಅಳತೆ ಅವರವರ ಕೈ. ನಿನ್ನ ಮೊಳ ಬೇರೆ, ದೊಡ್ಡಪ್ಪನ ಮೊಳ ಬೇರೆ.

'ಲಾಂಗ್' ಎಂದು ಬರೆದಿದ್ದರೆ ಎರಡು ಯಂತ್ರದಲ್ಲೂ ಸಾಲುತ್ತಿತ್ತು. ಆದರೆ ನಮ್ಮ ಯಂತ್ರದಲ್ಲಿ ಇಂಟೂ ಲಾಂಗೂ ಒಂದೇ ಅಳತೆ, ಇಲ್ಲಿ ಯಾರೂ ಲಾಂಗ್ ಬರೆಯುವ ಗೋಜಿಗೆ ಹೋಗುವುದಿಲ್ಲ. ನನ್ನ ಪ್ರೋಗ್ರಾಮಿನಲ್ಲಿ ಒಂದಕ್ಷರವೂ ತಪ್ಪಿಲ್ಲ ದೊಡ್ಡಮ್ಮ. ಇಲ್ಲಿ ಐವತ್ತು ಸಾವಿರದವರೆಗೂ ಓಡಿಸಿ ನೋಡಿಯೇ ಕೊಟ್ಟಿದ್ದೆ. ಅವರು ನನ್ನನ್ನು ಕೇಳದೆ ಸಣ್ಣ ಯಂತ್ರಕ್ಕೆ ಹಾಕಿಕೊಂಡರು. ಅದು ಒಂದೂ ತಕರಾರು ಎತ್ತದೆ ಒಪ್ಪಿಕೊಂಡಿತು.

ಮ್ಯಾನೇಜರಿಗೆ ಎಲ್ಲವನ್ನೂ ಬಿಡಿಸಿ ಬರೆದು ಕಳಿಸಿದ್ದೇನೆ. ನಾನೇ ಬರಬಹುದಿತ್ತು, ಆದರೆ ಪ್ರಾಜೆಕ್ಟು ತೃಪ್ತಿಕರ ಎಂದು ಆ ಕಾರ್ಖಾನೆಯಿಂದ ಸರ್ಟಿಫಿಕೇಟು ಬರಬೇಕಿದೆ. ಅದಿಲ್ಲದೆ ನನಗೆ ಡಿಗ್ರಿ ಇಲ್ಲ. ಈಗ ಅಲ್ಲಿ ಹೋಗಿ ನಿಂತು ಮಾತಾಡುವುದು ಬೇಡ ಎಂದು ನಮ್ಮ ಪ್ರೊಫೆಸರು ಹೇಳಿದ್ದಾರೆ. ಅತ್ತಿಗೆಗೆ ಧೈರ್ಯ ಹೇಳು.

ಇಂತಿ ನಿನ್ನ
ಮುನಿರತ್ನ

*

ಚೊಕ್ಕಸಂದ್ರ
9-7-1987

ಮುನಿರತ್ನಳಿಗೆ ಆಶೀರ್ವಾದ.

ಆರೋಗ್ಯದ ವಿಷಯ ಆಮೇಲೆ. ಮೊದಲು ನಿನ್ನನ್ನ ಬೈದುಬಿಡ್ತೀನಿ.

ಮೊಳ ಅಂದರೇನು ಅಂತ ನನಗೆ ಹೇಳಿಕೊಡೋಕೆ ಬಂದೆಯಾ? ಜಾಲಹಳ್ಳಿ ಕ್ವಾರ್ಟರ್ಸಿನಲ್ಲಿ ಮನೆಮನೆ ಬಾಗಿಲಿಗೆ ಬುಟ್ಟಿ ಹೊತ್ತು ಕನಕಾಂಬರ ಮಾರಿದವಳು ನಾನು. "ಅಂಜಿನಮ್ಮ, ನಿನ್ನ ಕೈ ಗಿಡ್ಡ, ನನ್ನ ಕೈಯಲ್ಲಿ ಅಳೆ" ಅಂತ ಒಬ್ಬೊಬ್ಬರು ಕಂಬದಂಥ ಕೈ ಚಾಚೋರು. ಅವರ ಕೈಗೆ ಅಳೆದರೆ ನಾನು ಸಂಜೆಗೆ ಬರೀ ಬುಟ್ಟಿ ತಿನ್ನಬೇಕು. ಅದಕ್ಕೇ ಅಲ್ಲವೇ ಮೊಳಕ್ಕೆ ಒಂದು ಹೆಬ್ಬೆರಳು ಜಾಸ್ತಿ ಬಿಟ್ಟು ಕೊಡ್ತಿದ್ದಿದ್ದು? ಮದುವೆ ಹೂವು ಗೊತ್ತು ಮಾಡುವಾಗ ನಮ್ಮಲ್ಲಿ ಯಾರಾದರೂ ಮೊದಲು ದರ ಕೇಳ್ತಾರಾ? ಮೊದಲು ಕೇಳೋದು "ಯಾರ ಕೈ?" ಅಂತ. ಮದುವೆ ಮನೆಯೋರು ಒಬ್ಬರನ್ನ ತೋರಿಸಬೇಕು, ಹೂವಿನೋರು ಒಪ್ಪಬೇಕು, ಅವರ ಮೊಣಕೈಯಿಂದ ಬೆರಳ ತುದಿಗೆ ಸರಿಯಾಗಿ ಬಾಳೆನಾರು ಕತ್ತರಿಸಿ ಎರಡು ಕಡೆಯೋರೂ ಒಂದೊಂದು ಇಟ್ಟುಕೋಬೇಕು. ದರದ ಮಾತು ಆಮೇಲೆ. ನರಸಪ್ಪನ ಮದುವೆಗೆ ನಿಮ್ಮಮ್ಮನ ಕೈ ಗೊತ್ತಾಗಿತ್ತು. ಆ ನಾರನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಚಪ್ಪರವೆಲ್ಲ ಓಡಾಡಿದವಳು ನೀನು. ದೊಡ್ಡ ಅಧಿಕಾರಿ ಹಾಗೆ ಎಲ್ಲರ ಹೂವನ್ನೂ ಅಳೆದು ನೋಡಿದ್ದೆ.

ಇಷ್ಟು ಗೊತ್ತಿದ್ದವಳು, ಮೊಳದ ಲೆಕ್ಕ ಬರೆದುಕೊಡುವಾಗ ಯಾರ ಕೈ ಅಂತ ಯಾಕೆ ಕೇಳಲಿಲ್ಲ?

ಒಂದಕ್ಷರವೂ ತಪ್ಪಿಲ್ಲ ಅಂತ ಬರೆದಿದ್ದೀಯ. ಓದಿ ಮೈ ಉರಿಯಿತು. ತಪ್ಪಿಲ್ಲದ ಅಕ್ಷರಕ್ಕೆ ನನ್ನ ಸೊಸೆ ಮನೆಯಲ್ಲಿ ಕೂತಿದ್ದಾಳಲ್ಲೇ! ಇಂಟ್‌ಗೆ ಇಂಗ್ಲಿಷಿನಲ್ಲಿ ಮೂರಕ್ಷರ, ಲಾಂಗ್‌ಗೆ ನಾಲ್ಕು ಅಂತ ನಿನ್ನ ದೊಡ್ಡಪ್ಪ ಹೇಳಿದರು. ಒಂದಕ್ಷರ ಜಾಸ್ತಿ ಬರೆಯೋಕೆ ನಿಮಗೆಲ್ಲ ಕೈ ನೋವೇ? ಆ ಭಾಷೆ ಮಾಡಿದ ಮಹಾನುಭಾವರಾದರೂ ಎಂಥವರು? ಜಾಗ ಕೇಳೋ ಮಾತು ಮಾಡ್ತಾರಂತೆ, ಎಷ್ಟು ಜಾಗ ಅಂತ ಹೇಳಲ್ಲವಂತೆ. ಆ ಸಣ್ಣ ಯಂತ್ರಕ್ಕೂ ನಾಚಿಕೆ ಬೇಡವೇ? ತನ್ನ ಕೈಲಿ ಆಗದಿದ್ದರೆ ಆಗಲ್ಲ ಅನ್ನಬೇಕು. ಹೂಂ ಹೂಂ ಅಂತ ಒಪ್ಪಿಕೊಂಡು ರಾತ್ರಿಯೆಲ್ಲ ತಪ್ಪು ಎಣಿಸಿ, ಬೆಳಿಗ್ಗೆ ಸಾಚಾ ಮುಖ ಮಾಡಿ ಒಂಬತ್ತು ಸಾವಿರ ಅನ್ನೋದೇ?

ಈಗ ಮ್ಯಾನೇಜರ ಕಥೆ ಕೇಳು. ನಿನ್ನ ಕಾಗದ ತಲುಪಿದೆ. ಬೈರಮ್ಮನಿಗೆ ಹೇಳಿ ಕಳಿಸಿದ. ಎಲ್ಲ ಸರಿಹೋಯಿತು ಅಂತ ನಾನು ಅವಳಿಗೆ ತಲೆ ಬಾಚಿ ಕಳಿಸಿದೆ. ಅಲ್ಲಿ ಅವನು ಹೇಳಿದ್ದು ಇದು: "ನೋಡಮ್ಮ, ಏನೋ ಟೆಕ್ನಿಕಲ್ ವಿಷಯ, ನಿನಗೆ ಅರ್ಥ ಆಗಲ್ಲ. ಆಗಿದ್ದು ಆಯ್ತು. ಕಂಪನಿ ನಿನ್ನನ್ನ ಕ್ಷಮಿಸಿದೆ. ಈ ಕ್ಷಮಾಪಣೆ ಕಾಗದಕ್ಕೆ ಒಂದು ಸೈನ್ ಹಾಕು, ನಾಳೆಯಿಂದ ಬಾ."

ಬೈರಮ್ಮ ಕೇಳಿದಳು, "ಕ್ಷಮಿಸೋಕೆ ನಾನೇನು ಮಾಡಿದೀನಿ ಸಾರ್?"

"ಫಾರ್ಮಾಲಿಟಿ ಕಣಮ್ಮ."

"ಹಾಗಾದ್ರೆ ನೀವೇ ಹಾಕಿ ಸಾರ್ ಸೈನು" ಅಂದು ಎದ್ದು ಬಂದಳು.

ನಾನು ಅವಳನ್ನ ಸೊಸೆ ಮಾಡಿಕೊಂಡು ಬಂದ ಮೇಲೆ ಅವಳ ಬಾಯಲ್ಲಿ ಇಂಥ ಮಾತು ಕೇಳಿದ್ದು ಇದೇ ಮೊದಲು. ರಾತ್ರಿ ನರಸಪ್ಪ ಲಾರಿ ಇಳಿದು ಬಂದವನು ಕೂಗಾಡಿದ. "ಒಂದು ಗೀಟು ಎಳೆದು ಬಂದಿದ್ರೆ ನಿನ್ ಗಂಟೇನು ಹೋಗ್ತಿತ್ತು?" ಅಂತ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ! ಆ ಗೀಟು ಎಳೆದರೆ ಸಾಯೋವರೆಗೂ ಅವಳು ಮೋಸ ಮಾಡಿ ಕ್ಷಮೆ ಬೇಡಿದವಳೇ ಆಗ್ತಾಳೆ ಕಣೋ ಅಂದೆ.

ಮುನಿರತ್ನ, ನಿನ್ನ ಕಾಗದ ಮ್ಯಾನೇಜರ ಮೇಜಿನ ಡ್ರಾಯರಿನಲ್ಲಿ ಮಲಗಿದೆ. ಕಾಗದವನ್ನ ಮುಚ್ಚಿಡಬಹುದು, ನಿನ್ನನ್ನ ಮುಚ್ಚಿಡೋಕೆ ಆಗಲ್ಲ. ನೀನು ಬರಬೇಕು. ನಿನಗೆ ಸರ್ಟಿಫಿಕೇಟು ಬೇಕು, ಅವಳಿಗೆ ಮರ್ಯಾದೆ ಬೇಕು, ಎರಡೂ ಅದೇ ಮನುಷ್ಯನ ಕೈಯಲ್ಲಿದೆ ಅಂತ ನನಗೂ ಗೊತ್ತು. ಯಾವುದು ಮೊದಲು ಅಂತ ನಿನ್ನ ಪ್ರೊಫೆಸರನ್ನ ಕೇಳಬೇಡ.

ಮರಿಯಮ್ಮನನ್ನ ಕೇಳಿದೆ ಅನ್ನು. ನೀನು ಬರೋ ದಿನ ಬರಿ.

ಅಂಜಿನಮ್ಮ

*

(ಕಾರ್ಡು)

ಚೊಕ್ಕಸಂದ್ರ
29-7-1987

ಮುನಿರತ್ನ,

ನಿನ್ನಿಂದ ಕಾಗದ ಇಲ್ಲ. ಅಂಚೆಯವನು ನಮ್ಮ ಬಾಗಿಲು ದಾಟುವಾಗ ಈಗ ನನ್ನ ಮುಖ ನೋಡಲ್ಲ.

ವರಮಹಾಲಕ್ಷ್ಮಿ ಹತ್ತಿರ ಬಂತು, ಹೂವಿಗೆ ಬೆಲೆ ಬಂದಿದೆ. ಬೈರಮ್ಮ ನನ್ನ ಜೊತೆ ಜಗುಲಿ ಮೇಲೆ ಕೂತು ಹೂವು ಕಟ್ಟುತ್ತಾಳೆ. ಬೀದಿ ನಲ್ಲಿಯ ಹತ್ತಿರ ಪಿಳ್ಳಮ್ಮ ಅವಳನ್ನ ಕಂಡು "ಕೊಡ ಎಣಿಸಿ ಹಿಡೀರಮ್ಮ, ಲೆಕ್ಕದೋಳು ಬಂದ್ಲು" ಅಂದಳಂತೆ. ಅವಳು ಕೊಡ ತುಂಬಿಸದೆ ಬಂದಳು. ಪಿಳ್ಳಮ್ಮನಿಗೆ ನಾನು ಏನು ಹೇಳಿ ಬಂದೆ ಅನ್ನೋದನ್ನ ಕಾರ್ಡಿನಲ್ಲಿ ಬರೆಯೋ ಹಾಗಿಲ್ಲ, ಅಂಚೆಯವರು ಓದ್ತಾರೆ.

ನಿನ್ನ ಹೆಸರು ಹಿಡಿದು ಬೈರಮ್ಮ ಇವತ್ತಿಗೂ ಒಂದು ಸಲವೂ ಬೈದಿಲ್ಲ. ಅದು ನಿನಗೆ ಗೊತ್ತಿರಲಿ ಅಂತ ಬರೆದೆ.

ಅಂಜಿನಮ್ಮ

*

ಮದರಾಸು
11-8-1987

ದೊಡ್ಡಮ್ಮನಿಗೆ ನಮಸ್ಕಾರಗಳು.

ನಿನ್ನೆ ಪೀಣ್ಯಕ್ಕೆ ಬಂದಿದ್ದೆ. ನಿನಗೆ ಈ ಹೊತ್ತಿಗೆ ಗೊತ್ತಾಗಿರುತ್ತದೆ. ಬರುವ ಮೊದಲು ಮ್ಯಾನೇಜರಿಗೆ ಬರೆದಿದ್ದೆ: ಸರಿಮಾಡಿದ ಪ್ರೋಗ್ರಾಮನ್ನು ಅಂಚೆಯಲ್ಲಿ ಕಳಿಸುವುದಿಲ್ಲ, ಕೈಯಲ್ಲಿ ತರುತ್ತೇನೆ. ಹಳೆಯದನ್ನು ಎಲ್ಲರ ಎದುರಿಗೆ ಹಗಲಲ್ಲಿ ಓಡಿಸಿ ತೋರಿಸಿದ ಮೇಲೇ ಹೊಸದು. ಬೈರಮ್ಮ ಅಲ್ಲಿರಬೇಕು. ಕಿತ್ತುಹಾಕಿದ ಚಕ್ರದ ಮೀಟರನ್ನೂ ಅದೇ ಯಂತ್ರಕ್ಕೆ ಪಕ್ಕದಲ್ಲಿ ಕಟ್ಟಬೇಕು, ಕೊಕ್ಕೆ ಮಾತ್ರ ಬಿಚ್ಚಿರಲಿ. ಗುಜರಿಗೆ ಹೋಗುತ್ತಿದ್ದ ರಾಶಿಗಳ ಸಂಕಟ ಅವರಿಗೂ ಇತ್ತು, ಒಪ್ಪಿದರು.

ರೈಲಿಳಿದು ನೇರ ಅಲ್ಲಿಗೇ ಹೋದೆ. ಅತ್ತಿಗೆ ಗೇಟಿನ ಹೊರಗೆ ನಿಂತಿದ್ದಳು. "ತಿಂಡಿ ತಿಂದ್ಯಾ?" ಅಂದಳು. ಅಷ್ಟೇ. ಇಬ್ಬರೂ ಒಳಗೆ ಹೋದೆವು. ಏಳು ಗಂಟೆಗೆ ಅವಳೇ ಸ್ವಿಚ್ಚು ಕೂರಿಸಿ ಯಂತ್ರ ಓಡಿಸಿದಳು.

ಸ್ವಲ್ಪ ಹೊತ್ತಿಗೆ ಮ್ಯಾನೇಜರು ಬಂದು, "ದಿನವೆಲ್ಲ ಯಾಕೆ ಮೇಡಂ? ಪೇಪರ್ ಮೇಲೆ ತೋರಿಸಿ, ನಾನು ನಂಬ್ತೀನಿ, ಬನ್ನಿ ಕಾಫಿ ಕುಡಿಯೋಣ" ಎಂದರು. ನಾನು ಏನೋ ಹೇಳಲು ಹೋದೆ. ಅತ್ತಿಗೆ ಅಡ್ಡ ಬಂದಳು.

"ನನ್ನ ಹೆಸರು ಕೆಡಿಸಿದ್ದು ಪೇಪರ್ ಮೇಲೆ ಸಾರ್. ತೋರಿಸೋದು ಯಂತ್ರದ ಮೇಲೇ ಆಗ್ಲಿ."

ಕಾಫಿ ಅಲ್ಲಿಗೇ ಬಂತು. ಆರಿಹೋಯಿತು.

ಊಟದ ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ಲೆಕ್ಕ ಮೂವತ್ತೆರಡು ಸಾವಿರ ದಾಟಿತು. ಸ್ವಿಚ್ಚು ಜೋಡಿಸುವ ಅಸೆಂಬ್ಲಿ ವಿಭಾಗದ ಹೆಂಗಸರೆಲ್ಲ ಕೆಲಸ ಬಿಟ್ಟು ಹಿಂದೆ ಬಂದು ನಿಂತಿದ್ದರು. ಯಾರೂ ಅವರನ್ನು ಹೋಗಿ ಎನ್ನಲಿಲ್ಲ. ಏಳ್ನೂರ ಅರವತ್ತೈದು, ಅರವತ್ತಾರು, ಅರವತ್ತೇಳು. ಆಮೇಲೆ ಟಕ್ ಎನ್ನುವುದರೊಳಗೆ ಪರದೆಯ ಮೇಲೆ ಒಂದು ಅಡ್ಡಗೆರೆ, ಅದರ ಮುಂದೆ ಮೂವತ್ತೆರಡು ಸಾವಿರ. ಮೈನಸ್. ಹಿಂದಿನಿಂದ ಯಾರೋ, "ಅಯ್ಯೋ ನಿನ್ ಮನೆ ಕಾಯ್ವಾಗ, ಸಾಲಕ್ಕೆ ಬಿತ್ತಲ್ಲೇ ಇದು!" ಎಂದರು. ಎಲ್ಲರೂ ನಕ್ಕರು. ಪಕ್ಕದ ಚಕ್ರದ ಮೀಟರು ಮಾತ್ರ ಮೂವತ್ತೆರಡು ಸಾವಿರದ ಏಳ್ನೂರ ಅರವತ್ತೆಂಟು ತೋರಿಸಿ ನೆಟ್ಟಗೆ ಮುಂದೆ ಹೋಗುತ್ತಿತ್ತು.

ಮಧ್ಯಾಹ್ನ ಮೀಟರಿನಲ್ಲಿ ಐವತ್ತು ಸಾವಿರವಾಯಿತು. ಯಂತ್ರ ನಿಲ್ಲಲಿಲ್ಲ. ಸಂಜೆ ಬಿಡುವ ಗಂಟೆ ಹೊಡೆದರೂ ಜನ ಹೋಗಲಿಲ್ಲ. ಪಾಪಯ್ಯ ಪಾಳಿಗೆ ಬಂದವನು, "ಈಗ್ಲಾದ್ರೂ ನನ್ ನಿದ್ದೆ ಯಾರು ತಿಂದ್ರು ಅಂತ ಗೊತ್ತಾಯ್ತಾ ಸಾಮಿ?" ಎಂದು ಮ್ಯಾನೇಜರನ್ನೇ ಕೇಳಿದ. ಆಗ ಸ್ವಿಚ್ಚು ಮುರಿಯಿತು. ಕಂಪ್ಯೂಟರಿನಲ್ಲಿ ಒಂಬತ್ತು ಸಾವಿರಕ್ಕೆ ಚೂರು ಕಡಿಮೆ. ಮೀಟರಿನಲ್ಲಿ ಎಪ್ಪತ್ತನಾಲ್ಕು ಸಾವಿರ ದಾಟಿತ್ತು.

ಮ್ಯಾನೇಜರು "ಮಷೀನ್ ಪ್ರಾಬ್ಲಂ" ಎಂದರು. ನಾನು ಎಲ್ಲರಿಗೂ ಕೇಳುವ ಹಾಗೆ, "ಮಷೀನಿನದಲ್ಲ ಸಾರ್. ನಾನು ಬರೆಯುವಾಗ ಯಾರ ಕೈ ಎಂದು ಕೇಳಲಿಲ್ಲ. ಹಾಕಿಕೊಳ್ಳುವಾಗ ನೀವೂ ಕೇಳಲಿಲ್ಲ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಹೆಂಗಸರಿಗೆ ಅರ್ಥವಾಯಿತು. ಸರ್ಟಿಫಿಕೇಟಿನ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೊಸ ಪ್ರೋಗ್ರಾಮಿನಲ್ಲಿ ಲಾಂಗ್ ಎಂದು ಬರೆದಿದ್ದೇನೆ. ಅಷ್ಟೇ ಅಲ್ಲ, ಅದು ಕೆಲಸ ಶುರು ಮಾಡುವ ಮೊದಲು ನಿನ್ನ ಅಳತೆ ಎಷ್ಟು ಎಂದು ಯಂತ್ರವನ್ನೇ ಕೇಳುತ್ತದೆ. ಸಾಲದಿದ್ದರೆ ಓಡುವುದಿಲ್ಲ. ಆ ಸಾಲಿನ ಪಕ್ಕದಲ್ಲಿ, ಯಂತ್ರ ಓದದೆ ಬಿಡುವ ಜಾಗದಲ್ಲಿ, 'ಯಾರ ಕೈ?' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ.

ರೈಲಿಗೆ ಹೊತ್ತಾಗುತ್ತಿತ್ತು. ಮನೆಗೆ ಬರಲಾಗಲಿಲ್ಲ.

ನಿನ್ನ
ಮುನಿರತ್ನ

*

ಚೊಕ್ಕಸಂದ್ರ
2-9-1987

ಚಿ|| ಮುನಿರತ್ನಳಿಗೆ ದೊಡ್ಡಮ್ಮನ ಆಶೀರ್ವಾದ.

ನೀನು, ಮರಿಯಮ್ಮ ಇಬ್ಬರೂ ಆರೋಗ್ಯವೇ? ದೊಡ್ಡಪ್ಪನ ಮಂಡಿ ಗೌರಿ ಹಬ್ಬಕ್ಕೆ ಸ್ವಲ್ಪ ಬಗ್ಗಿತು. ನಿಮ್ಮಮ್ಮ ರಾಮಮ್ಮ ಬಾಗಿನ ಕೊಡೋಕೆ ಬಂದವಳು ನಿನ್ನ ವಿಷಯಕ್ಕೆ ನನ್ನ ಜೊತೆ ಇನ್ನೊಂದು ಸಲ ಜಗಳ ಆಡಿದಳು. "ನನ್ನ ಮಗಳ ಡಿಗ್ರಿ ಏನಾಗುತ್ತೋ, ನಿನ್ನ ಬಾಯಿಂದ" ಅಂದಳು. ನಾನು ಬಾಗಿನ ತಗೊಂಡು ಒಳಗಿಟ್ಟೆ. ಆ ಒಂದು ಮಾತು ಅವಳು ಅನ್ನಬಹುದು.

ರೈಲಿಗೆ ಹೊತ್ತಾಗುತ್ತಿತ್ತಂತೆ! ಮದರಾಸು ಮೇಲ್ ರೈಲು ಹೊರಡೋದು ಊರೆಲ್ಲ ಊಟ ಮಾಡಿ ಮಲಗೋ ಹೊತ್ತಿಗೆ ಅಂತ ನನಗೆ ಗೊತ್ತಿಲ್ಲವೇ? ಕಾರ್ಖಾನೆಯಿಂದ ನಮ್ಮ ಮನೆಗೆ ಎಷ್ಟು ದೂರ? ಮುದ್ದೆ ಕಟ್ಟಿ, ಬಸ್ಸಾರು ಬಿಸಿ ಮಾಡಿ ಮಾಡಿ, ಅದು ಪಾಯಸದ ಹಾಗೆ ಗಟ್ಟಿಯಾಯಿತು. ನೀನು ಬರಲಿಲ್ಲ. ಬೈರಮ್ಮ ಒಬ್ಬಳೇ ಬಂದು, "ನಾನು ಕರೆದೆ ಅತ್ತೆ, ಅವಳು ನನ್ನ ಮುಖ ನೋಡಲಿಲ್ಲ" ಅಂದಳು. ನಿನ್ನ ಪಾಲಿನ ಮುದ್ದೆ ಬೆಳಿಗ್ಗೆ ದನಕ್ಕೆ ಹೋಯಿತು. ಬೈದೆ ಅಂತ ಮನೆ ಬಾಗಿಲು ಮರೆಯೋ ಹಾಗಿದ್ದರೆ ನಾನು ಹುಟ್ಟಿದಾಗಿನಿಂದ ಯಾರ ಮನೆಗೂ ಹೋಗೋ ಹಾಗಿರಲಿಲ್ಲ.

ಇನ್ನು ಅಲ್ಲಿಯ ಸುದ್ದಿ. ಬೈರಮ್ಮನ ಸಸ್ಪೆನ್ಷನ್ ತೆಗೆದರು. ಕ್ಷಮಾಪಣೆ ಕಾಗದದ ಮಾತೇ ಇಲ್ಲ. ಆದರೆ ಬಾಯಲ್ಲಿ "ಬಾ" ಅಂದರೆ ಇವಳು ಹೋಗಲಿಲ್ಲ. "ನನ್ನ ಹೆಸರು ಯಾವ ಬೋರ್ಡಿನಲ್ಲಿ ಅಂಟಿಸಿದ್ರೋ ಅದೇ ಬೋರ್ಡಿನಲ್ಲಿ ಅಂಟಿಸಿ" ಅಂತ ಕೂತಳು. ಅಂಟಿಸಿದರು. ಏನಂತ? ಯಂತ್ರದ ದೋಷದಿಂದ ಉಂಟಾದ ಗೊಂದಲ ನಿವಾರಣೆಯಾಗಿದೆ ಅಂತ! ಸಸ್ಪೆಂಡ್ ಮಾಡಿದಾಗ ಅವಳ ಹೆಸರು, ಅವಳ ಗಂಡನ ಹೆಸರು, ಟಿಕೆಟ್ ನಂಬರು ಎಲ್ಲ ಬೇಕಾಗಿತ್ತು. ಈಗ ಯಾರ ಹೆಸರೂ ಇಲ್ಲ. ಅವಳ ಹೆಸರೂ ಇಲ್ಲ, ಮಾಡಿದವರ ಹೆಸರೂ ಇಲ್ಲ. ಯಂತ್ರ ಮಾಡಿತಂತೆ. ಪಾಪ, ಅದಕ್ಕೆ ಬಾಯಿಲ್ಲ, ಅದರ ಮೇಲೆ ಹೊರಿಸಿದರೆ ಎದುರು ಹೇಳಲ್ಲ. ನಾನೇ ಹೋಗಿ ಆ ಚೀಟಿ ಕಿತ್ತು ಬರ್ತೀನಿ ಅಂತ ಹೊರಟೆ. ಬೈರಮ್ಮ ಸೆರಗು ಹಿಡಿದು ನಿಲ್ಲಿಸಿದಳು. "ಬಿಡಿ ಅತ್ತೆ. ಕಣ್ಣಲ್ಲಿ ನೋಡಿದವರು ಇದ್ದಾರೆ."

ಸೋಮವಾರ ಕೆಲಸಕ್ಕೆ ಹೋದಳು. ಸಂಜೆ ಹೊಸ ಪ್ರೋಗ್ರಾಮು ಹಾಕಿ, ಸ್ವಿಚ್ಚು ಕೂರಿಸಿ, ಎಲ್ಲ ಸಿದ್ಧ. ಮ್ಯಾನೇಜರು ಬಂದು ದೊಡ್ಡ ಮನಸ್ಸು ಮಾಡಿದವನ ಹಾಗೆ, "ಹೂಂ ಬೈರಮ್ಮ, ಐವತ್ತು ಸಾವಿರ. ಶುರು ಮಾಡು" ಅಂದ.

ಇವಳು ಯಂತ್ರದ ಮೇಲೆ ಕೈ ಇಟ್ಟವಳು ಒತ್ತಲಿಲ್ಲ. ತಿರುಗಿ ಕೇಳಿದಳು:

"ಯಾರ ಕೈ ಸಾರ್?"

ಅಸೆಂಬ್ಲಿ ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡರಂತೆ. ಮ್ಯಾನೇಜರು, "ನಿನ್ನ ಕೈಯೇ ಕಣಮ್ಮ, ಇನ್ಯಾರದು, ಒತ್ತು" ಅಂದ. "ನೀವೇ ಹೇಳಿದ್ರಿ ಸಾರ್, ಎಲ್ಲರೂ ಕೇಳಿಸ್ಕೊಂಡ್ರಲ್ಲ" ಅಂದು ಒತ್ತಿದಳು. ನಗೋದು ನಿಲ್ಲಿಸೋಕೆ ಗಂಟೆ ಹೊಡೆಯಬೇಕಾಯಿತಂತೆ. ಯಂತ್ರ ನಡುರಾತ್ರಿಗೆ ಐವತ್ತು ಸಾವಿರಕ್ಕೆ ತಾನೇ ನಿಂತಿತು. ಪಾಪಯ್ಯ ಬೆಳಿಗ್ಗೆ ಹಾಲಿಗೆ ಬಂದಾಗ ಅವನ ಮುಖ ನೋಡಿಯೇ ಗೊತ್ತಾಯಿತು.

ಈಗ ಅಲ್ಲಿ ಆಫೀಸಿನಿಂದ ಯಾವ ಲೆಕ್ಕ ಬಂದರೂ ಹೆಂಗಸರು ಮೊದಲು ಇದನ್ನೇ ಕೇಳ್ತಾರಂತೆ. ಇಷ್ಟು ಪೀಸು ಮಾಡಿ ಅಂದರೆ, ಯಾರ ಕೈ? ಊಟಕ್ಕೆ ಅರ್ಧ ಗಂಟೆ ಅಂದರೆ, ಯಾರ ಕೈ? ಬೀದಿ ನಲ್ಲಿಯಲ್ಲಿ ಪಿಳ್ಳಮ್ಮನೂ ಕೇಳ್ತಾಳೆ, ಆದರೆ ಅವಳು ಕೇಳಿದರೆ ನಾನು ನಗಲ್ಲ.

ಈ ಲಕೋಟೆಯಲ್ಲಿ ಮಡಚಿಟ್ಟ ಒಂದು ಬಾಳೆನಾರು ಸಿಗುತ್ತೆ, ಬಿಸಾಕಬೇಡ. ಬೈರಮ್ಮ ಕತ್ತರಿಸಿ ಇಟ್ಟಿದ್ದು. ಅವಳ ಕೈಯದು, ಮೊಣಕೈಯಿಂದ ನಡುಬೆರಳ ತುದಿಗೆ ಸರಿಯಾಗಿ ಒಂದು ಮೊಳ. ಇನ್ನೊಂದು ಅವಳ ಹತ್ತಿರ ಇದೆ. ಮುಂದೆ ಯಾರಿಗೇ ಲೆಕ್ಕ ಬರೆದುಕೊಡುವಾಗಲೂ ಇದನ್ನ ಎದುರಿಗೆ ಇಟ್ಟುಕೊಂಡು ಕೂರಬೇಕಂತೆ ನೀನು. ನಾನು ಹೇಳಿದ್ದಲ್ಲ, ಅವಳು ಹೇಳಿದ್ದು. "ಮುನಿರತ್ನಂಗೆ ಹೇಳಿ, ದೀಪಾವಳಿಗೆ ಬರುವಾಗ ತರ್ಲಿ, ನನ್ನ ನಾರಿಗೆ ಹಿಡಿದು ನೋಡ್ಬೇಕು" ಅಂತಲೂ ಅಂದಳು.

ಅಂಚೆಯಲ್ಲಿ ಒಣಗಿದ ನಾರು ಮಡಿಕೆಯಲ್ಲಿ ಮುರಿಯುತ್ತೆ ಅಂತ ನನಗೆ ಭಯ. ಮುರಿಯದೆ ಬಂತೋ ಇಲ್ಲವೋ, ಸರ್ಟಿಫಿಕೇಟು ಏನಾಯಿತು, ದೀಪಾವಳಿಗೆ ಎಷ್ಟು ಮುದ್ದೆ ಕಟ್ಟಬೇಕು, ಈ ಮೂರಕ್ಕೂ ಕಾಗದ ಕೈಗೆ ಸಿಕ್ಕ ದಿನವೇ ಕೂತು ಬರಿ. ಅಂಚೆಯವನು ಮತ್ತೆ ನನ್ನ ಮುಖ ನೋಡೋ ಹಾಗಾಗಲಿ.

ನಿನ್ನ ದೊಡ್ಡಮ್ಮ
ಅಂಜಿನಮ್ಮ